ಗುಡ್ಡದ ಸೀಳು, ತೋಟದ ನೀರು: ಇಂಗುಗುಂಡಿ ತೋಡುವ ಮುಂಚೆ ನೆಲದಡಿಯ ಗೆರೆ ನೋಡಿ

ಮೊನ್ನೆ ನಮ್ಮ ಕೇರಿಯ ಹುಡುಗನೊಬ್ಬ ತೋಟಕ್ಕೆ ಬಂದ. ಗುಡ್ಡದ ಬುಡದಲ್ಲಿ ಅವನಿಗೆ ಒಂದು ಎಕರೆ ಬ್ಯಾಣ ಇದೆ. ಜೆಸಿಬಿ ತರಿಸಿ ಮಟ್ಟ ಮಾಡಿ, ಅಡಿಕೆ ಹಾಕಿ, ಮೇಲ್ಗಡೆ ಸಾಲಾಗಿ ಇಂಗುಗುಂಡಿ ತೋಡಬೇಕು ಅನ್ನೋದು ಅವನ ಲೆಕ್ಕ. ನನ್ನ ತೋಟದ ಮೇಲಿನ ಇಳಿಜಾರು ನೋಡಿದವನೇ ನಿಂತುಬಿಟ್ಟ.

"ಅಣ್ಣಾ, ಇಲ್ಲಿ ಗುಂಡಿ ಇದ್ವಲ್ಲ, ಎಲ್ಲಿ?"

"ಮುಚ್ಚಿದೆ."

"ಎಂಥಕ್ಕೆ ಮಾರಾಯಾ? ವಿಡಿಯೋದಲ್ಲಿ ಎಲ್ರೂ ತೋಡಿ ತೋಡಿ ಅಂತಾರೆ, ನೀ ಮುಚ್ತಿ!"

ತೋಡಿದವನೂ ನಾನೇ, ಮುಚ್ಚಿದವನೂ ನಾನೇ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ನೀರಿಂಗಿಸಿದಷ್ಟೂ ಒಳ್ಳೇದು ಅಂತ ಅಂಕೋಲೆಯ ನಮ್ಮ ಇಳಿಜಾರಿನಲ್ಲಿ ನಲವತ್ತು ಗುಂಡಿ ತೆಗೆಸಿದ್ದೆ. 2024ರ ಜುಲೈನಲ್ಲಿ ಆ ಗುಂಡಿಗಳ ಮೇಲ್ಗಡೆ, ಸೊಪ್ಪಿನ ಬೆಟ್ಟದಲ್ಲಿ, ಕುಡುಗೋಲಿನ ಹಾಗೆ ಬಾಗಿದ ಬಿರುಕೊಂದು ಕಾಣಿಸಿತು. ಬೆರಳು ಹೋಗುವಷ್ಟು ಅಗಲ. ಅದನ್ನು ಕಂಡ ಮೇಲೆ ನಾನು ಬೆಳೆ ಬಿಟ್ಟು ಸ್ವಲ್ಪ ದಿನ ಕಲ್ಲಿನ ಬಗ್ಗೆ ಓದಿದೆ. ಆ ಹುಡುಗನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳ್ತೇನೆ. ಮಳೆಗಾಲಕ್ಕೆ ಇನ್ನು ಹೆಚ್ಚು ವಾರ ಇಲ್ಲ.

ನೆಲ ಪಕ್ಕಕ್ಕೂ ಜರುಗುತ್ತದೆ

ಭೂಮಿಯ ಕಲ್ಲಿನ ಪದರ ಒಡೆದು, ಒಡೆದ ಎರಡು ಬದಿಗಳು ಒಂದರ ಪಕ್ಕ ಒಂದು ಜರುಗಿದರೆ ಅದಕ್ಕೆ ಸ್ತರಭಂಗ, ಅಂದರೆ ಫಾಲ್ಟ್ ಅಂತಾರೆ. ಒಂದು ಬದಿ ಕೆಳಗೆ ಇಳಿಯುವುದು, ಮೇಲೆ ಹತ್ತುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಯಾವ ಬದಿಯೂ ಮೇಲೆ ಕೆಳಗೆ ಹೋಗುವುದಿಲ್ಲ, ಎರಡೂ ಪಕ್ಕಪಕ್ಕಕ್ಕೆ ಸರಿಯುತ್ತವೆ. ಇದರ ಹೆಸರು ಸ್ಟ್ರೈಕ್-ಸ್ಲಿಪ್ ಫಾಲ್ಟ್. ನಾವು ಇದನ್ನು 'ಪಕ್ಕಸರಿತ' ಅಂತ ಕರೆಯೋಣ.

ತೋಟದವರಿಗೆ ಅರ್ಥವಾಗುವ ಉದಾಹರಣೆ ಒಂದಿದೆ. 1940ರ ಮೇ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಭೂಕಂಪ ಆಯಿತು. ಫಾಲ್ಟ್ ಒಂದು ಕಿತ್ತಳೆ ತೋಟದ ನಡುವೆ ಹಾದುಹೋಗಿತ್ತು. ಹಗ್ಗ ಹಿಡಿದು ನೆಟ್ಟ ಹಾಗಿದ್ದ ಗಿಡದ ಸಾಲುಗಳು ಫಾಲ್ಟ್ ಗೆರೆಯಲ್ಲಿ ತುಂಡಾಗಿ, ಅರ್ಧ ಸಾಲು ಕೆಲವು ಮೀಟರ್ ಪಕ್ಕಕ್ಕೆ ಹೋಗಿ ನಿಂತಿತ್ತು. ಗಿಡ ಬಿದ್ದಿರಲಿಲ್ಲ, ಸಾಲು ಮಾತ್ರ ತಪ್ಪಿತ್ತು.

ನಮಗೆ ಹತ್ತಿರದ ಉದಾಹರಣೆ ಕೊಯ್ನಾ. ಕಾರವಾರದಿಂದ ಉತ್ತರಕ್ಕೆ ಸುಮಾರು 290 ಕಿ.ಮೀ. ದೂರ. 1967ರ ಡಿಸೆಂಬರ್ 11ರಂದು ಅಲ್ಲಿ ಆದ 6.3 ತೀವ್ರತೆಯ ಭೂಕಂಪವೂ ಮುಖ್ಯವಾಗಿ ಪಕ್ಕಸರಿತದ್ದೇ.

ಪೇಪರ್ ಕತ್ತರಿಸಿ ನೋಡಿ

ಫಾಲ್ಟ್ ಅಂದರೆ ಸ್ಕೇಲ್ ಇಟ್ಟು ಎಳೆದ ಒಂದೇ ಗೆರೆ ಅಲ್ಲ. ಅದಕ್ಕೆ ಕವಲು ಇರುತ್ತದೆ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಭೂವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಎರಡು ಹಲಗೆ ಅಕ್ಕಪಕ್ಕ ಇಟ್ಟು, ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಹಲಗೆಗಳನ್ನು ಎದುರುಬದುರಾಗಿ ಸರಿಸಿದರು. ಕೆಳಗಿನ ಸಂದು ಒಂದೇ ನೇರ ಗೆರೆ. ಆದರೆ ಮೇಲಿನ ಮಣ್ಣಲ್ಲಿ ಬಂದದ್ದು ಒಂದರ ಹಿಂದೆ ಒಂದು ಓರೆಯಾಗಿ ನಿಂತ ಸಣ್ಣ ಸಣ್ಣ ಬಿರುಕುಗಳು. ಇನ್ನೂ ಸರಿಸಿದಾಗ ಆ ಬಿರುಕುಗಳು ಒಂದಕ್ಕೊಂದು ಕೂಡಿ, ಜಡೆ ಹೆಣೆದ ಹಾಗೆ ಆಯಿತು. ಗದ್ದೆಯ ಕೆಸರು ತಂದು ನೀವೂ ಮಾಡಬಹುದು, ಹತ್ತು ನಿಮಿಷದ ಕೆಲಸ.

ಹೀಗೆ ಕವಲೊಡೆದ ಗೆರೆಗಳ ನಡುವೆ ಏನಾಗುತ್ತದೆ? ಒಂದು ಹಳೇ ಪೇಪರ್ ತಗೊಳ್ಳಿ. ಎಡಗಡೆಯಿಂದ ನಡುವಿನವರೆಗೆ ಅಡ್ಡ ಕತ್ತರಿಸಿ. ಅಲ್ಲಿಂದ ಮೂರು ಇಂಚು ನೇರ ಕೆಳಗಿಳಿಸಿ. ಮತ್ತೆ ಬಲ ಅಂಚಿನವರೆಗೆ ಅಡ್ಡ ಕತ್ತರಿಸಿ. ಮೆಟ್ಟಿಲಿನ ಆಕಾರ ಬರುತ್ತದೆ. ಈಗ ಮೇಲಿನ ತುಂಡನ್ನು ಬಲಕ್ಕೆ ಎಳೆಯಿರಿ. ಮೆಟ್ಟಿಲಿನ ಜಾಗದಲ್ಲಿ ಚೌಕಾಕಾರದ ತೂತು ತೆರೆಯುತ್ತದೆ. ಎಡಕ್ಕೆ ತಳ್ಳಿದರೆ ಅದೇ ಜಾಗದಲ್ಲಿ ಪೇಪರ್ ಒಂದರ ಮೇಲೊಂದು ಹತ್ತುತ್ತದೆ.

ಇಷ್ಟೇ ಸೂತ್ರ. ಪಕ್ಕಸರಿತದ ಗೆರೆ ಒಂದು ಕಡೆ ನಿಂತು ಸ್ವಲ್ಪ ಪಕ್ಕದಲ್ಲಿ ಮತ್ತೆ ಶುರುವಾದಾಗ, ಮೆಟ್ಟಿಲು ಜರುಗುವ ದಿಕ್ಕಿಗೇ ಇದ್ದರೆ ನೆಲ ಬಾಯಿ ತೆರೆದು ತಗ್ಗಾಗುತ್ತದೆ, ವಿರುದ್ಧ ಇದ್ದರೆ ಒತ್ತಿ ಗುಡ್ಡವಾಗುತ್ತದೆ. ತಗ್ಗಿಗೆ ಸುತ್ತಲಿನ ಹೊಳೆಗಳು ಇಳಿಯುತ್ತವೆ, ಮಣ್ಣು ತಂದು ತುಂಬುತ್ತವೆ. ಕೆಲವು ಕಡೆ ಅದು ಸರೋವರ, ಕೆಲವು ಕಡೆ ಫಲವತ್ತಾದ ಬಯಲು.

ಇಸ್ರೇಲ್–ಜೋರ್ಡಾನ್ ನಡುವಿನ ಮೃತ ಸಮುದ್ರ ಹೀಗೆ ತೆರೆದ ತಗ್ಗು. ಅದರ ನೀರಿನ ಮಟ್ಟ ಕಡಲಿಗಿಂತ ಸುಮಾರು 430 ಮೀಟರ್ ಕೆಳಗಿದೆ. ಮೇಲೆ ಹೇಳಿದ ಇಂಪೀರಿಯಲ್ ಕಣಿವೆಯೂ ಇಂಥದ್ದೇ ತಗ್ಗಿನ ಭಾಗ. ಕೊಲೊರಾಡೊ ನದಿ ಹಾಕಿದ ಮಣ್ಣಿನ ಮೇಲೆ ಅಲ್ಲಿ ಚಳಿಗಾಲದ ತರಕಾರಿ ಬೆಳೆಯುತ್ತಾರೆ, ಹೆಚ್ಚಿನ ಹೊಲಗಳು ಕಡಲ ಮಟ್ಟಕ್ಕಿಂತ ಕೆಳಗೇ ಇವೆ.

ಕವಲು ಎಷ್ಟು ಅಪಾಯ ಅನ್ನೋದು 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ ಗೊತ್ತಾಯಿತು. 7.8 ತೀವ್ರತೆಯ ಆ ಭೂಕಂಪ ಶುರುವಾದದ್ದು ದೊಡ್ಡ ಫಾಲ್ಟಿನಲ್ಲಿ ಅಲ್ಲ, ಅದರ ಪಕ್ಕದ ಸಣ್ಣ ಕವಲಿನಲ್ಲಿ. ಕವಲಿನಿಂದ ಸೀಳು ಮುಖ್ಯ ಗೆರೆಗೆ ಹಾರಿ, ಮುನ್ನೂರು ಕಿ.ಮೀ.ಗೂ ಹೆಚ್ಚು ಉದ್ದ ಒಡೆಯಿತು. ಟರ್ಕಿ, ಸಿರಿಯಾ ಸೇರಿ 50 ಸಾವಿರಕ್ಕೂ ಹೆಚ್ಚು ಜನ ತೀರಿಹೋದರು.

ಕರ್ನಾಟಕದಲ್ಲಿ ಇದೆಯಾ?

ಇದೆ, ಆದರೆ ಬಹಳ ಹಳೆಯದು. ಚಿತ್ರದುರ್ಗ, ಗದಗದ ಕಡೆ ಕಲ್ಲಿನೊಳಗೆ ಉದ್ದಕ್ಕೂ ಹೋಗುವ ಪಕ್ಕಸರಿತದ ಪಟ್ಟಿ ಇದೆ. ಅದು ಜರುಗಿದ್ದು ಸುಮಾರು 250 ಕೋಟಿ ವರ್ಷ ಹಿಂದೆ. ಆ ಸೀಳುಗಳಲ್ಲಿ ಬಿಸಿನೀರು ಹರಿದು ಬಿಟ್ಟುಹೋದ ಖನಿಜದಲ್ಲಿ ಚಿನ್ನವೂ ಸೇರಿದೆ.

ತಗ್ಗಿಗೆ ಉದಾಹರಣೆ ಬೇಕಾದರೆ ಕಲಬುರಗಿ–ಯಾದಗಿರಿಯ ಭೀಮಾ ಜಲಾನಯನದ ಸುಣ್ಣಕಲ್ಲಿನ ಪ್ರದೇಶ ನೋಡಿ. ಅದರ ಅಂಚುಗಳನ್ನು ಫಾಲ್ಟ್‌ಗಳು ಕತ್ತರಿಸಿವೆ, ಅದರ ತುಂಡುಗಳು ಮೆಟ್ಟಿಲು ಮೆಟ್ಟಿಲಾಗಿ ಕೂತಿವೆ. ಪಕ್ಕಸರಿತದಿಂದ ನೆಲ ಬಾಯಿ ತೆರೆದು, ಆ ತಗ್ಗಿನಲ್ಲಿ ಸುಣ್ಣದ ಕೆಸರು ಕೂತು ಗಟ್ಟಿಯಾದದ್ದು ಅಂತ ಹಲವು ಭೂವಿಜ್ಞಾನಿಗಳು ವಿವರಿಸುತ್ತಾರೆ. ನಮ್ಮ ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದೇ. ನಮ್ಮ ಸಾರಿನ ತೊಗರಿಬೇಳೆಯೂ ಹೆಚ್ಚಾಗಿ ಆ ಸೀಮೆಯದೇ.

ಇನ್ನು ನಮ್ಮ ಕರಾವಳಿ. ಕಾರವಾರದ ಕಲ್ಲು ಸುಮಾರು 320 ಕೋಟಿ ವರ್ಷ ಹಳೆಯದು. ಕುಮಟೆಯ ಕಡೆಯಿಂದ ಹಾದುಹೋಗುವ ಅಗಲವಾದ ಪಟ್ಟಿಯೊಂದರಲ್ಲಿ ಕಲ್ಲು ಹಿಂಡಿ, ಜರುಗಿ, ಪದರ ಪದರ ಆಗಿದೆ. ಹಿಂದೆ ಎರಡು ಭೂಖಂಡಗಳು ಕೂಡಿದ ಹೊಲಿಗೆ ಅದು, ಅದರ ಪಶ್ಚಿಮಕ್ಕಿರುವ ಕಾರವಾರದ ತುಂಡು ಮಡಗಾಸ್ಕರ್‌ನ ಕಲ್ಲಿಗೆ ಸಂಬಂಧಿ ಅಂತ ಕೆಲವು ಸಂಶೋಧಕರ ವಾದ. ಆಮೇಲೆ ಸುಮಾರು 9 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಹೋಯಿತು. ಆ ಹೊತ್ತಿನ ಜ್ವಾಲಾಮುಖಿ ಕಲ್ಲನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೋಡಬಹುದು.

ಅಂದರೆ ನಮ್ಮ ನೆಲ ಹಲವು ಸಲ ಒತ್ತಿಸಿಕೊಂಡು, ಎಳೆಸಿಕೊಂಡು, ಒಡೆದು ಬಂದ ನೆಲ. ಇಲ್ಲಿನ ಸೀಳುಗಳು ಟರ್ಕಿಯ ಹಾಗೆ ಇವತ್ತು ಜರುಗುತ್ತಿಲ್ಲ. 2002ರ ಭೂಕಂಪ ನಕ್ಷೆ ಉತ್ತರ ಕನ್ನಡವನ್ನು ಮಧ್ಯಮ ಅಪಾಯದ ಮೂರನೇ ವಲಯದಲ್ಲಿ ಇಟ್ಟಿತ್ತು. ನಮ್ಮ ಚಿಂತೆ ಭೂಕಂಪಕ್ಕಿಂತ ಹೆಚ್ಚಾಗಿ ನೀರಿನದು. ಸೀಳು ಸತ್ತರೂ ನೀರಿಗೆ ಅದೇ ದಾರಿ.

ಫೋನಿನಲ್ಲಿ ನಿಮ್ಮ ಊರಿನ ಗೆರೆ ನೋಡಿ

ಗೂಗಲ್ ಅರ್ಥ್ ತೆರೆದು ಕಾರವಾರದಿಂದ ಅಂಕೋಲೆವರೆಗೆ ಮೇಲಿನಿಂದ ನೋಡಿ. ಘಟ್ಟದಿಂದ ಬಂದ ಗುಡ್ಡದ ಸಾಲುಗಳು ಕಡಲಿನವರೆಗೂ ಚಾಚಿವೆ, ನಡುನಡುವೆ ಕಣಿವೆ. ಕಾಳಿ, ಗಂಗಾವಳಿ ಮತ್ತು ಅವಕ್ಕೆ ಸೇರುವ ಹಳ್ಳಗಳನ್ನು ಬೆರಳಲ್ಲಿ ಹಿಂಬಾಲಿಸಿ. ಸ್ವಲ್ಪ ದೂರ ನೇರ ಹೋಗಿ, ತಟ್ಟನೆ ಮೊಣಕೈ ಹಾಗೆ ತಿರುಗಿ, ಮತ್ತೆ ನೇರ ಹೋಗುವ ಜಾಗ ಸಿಗುತ್ತದೆ. ಗಟ್ಟಿ ಕಲ್ಲನ್ನು ಕೊರೆಯುವುದಕ್ಕಿಂತ ಒಡೆದ ಕಲ್ಲನ್ನು ಕೊರೆಯುವುದು ನೀರಿಗೆ ಸುಲಭ, ಹಾಗಾಗಿ ಹಳ್ಳ ಸೀಳನ್ನೇ ಹಿಡಿಯುತ್ತದೆ.

ಇಂಥ ನೇರ ಗೆರೆಗೆ ಭೂವಿಜ್ಞಾನದಲ್ಲಿ ಲಿನಿಯಮೆಂಟ್ ಅಂತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ 'ಭೂಕೋಶ್' ಪೋರ್ಟಲ್‌ನಲ್ಲಿ ಕಲ್ಲಿನ ಬಗೆ, ಫಾಲ್ಟ್, ಭೂಕುಸಿತದ ಪದರಗಳನ್ನು ನಕ್ಷೆಯ ಮೇಲೆ ನೋಡಬಹುದು. ಇಸ್ರೋದ 'ಭುವನ್'ನಲ್ಲಿ ಅಂತರ್ಜಲ ಸಾಧ್ಯತೆಯ ನಕ್ಷೆ ಇದೆ. ಒಂದು ಎಚ್ಚರಿಕೆ: ನೇರ ಕಣಿವೆ ಕಂಡ ಕೂಡಲೇ 'ಫಾಲ್ಟ್ ಸಿಕ್ತು' ಅಂತ ವಾಟ್ಸಾಪ್‌ಗೆ ಹಾಕಬೇಡಿ. ಬರೀ ಕಲ್ಲಿನ ಪದರ, ಸಾಮಾನ್ಯ ಬಿರುಕು, ಬೇರೆ ಬಗೆಯ ಕಲ್ಲಿನ ಪಟ್ಟಿ ಕೂಡ ನೇರ ಗೆರೆ ಮಾಡುತ್ತವೆ. ನಕ್ಷೆ, ಕಣ್ಣು, ಊರಿನ ಹಿರಿಯರ ನೆನಪು ಮೂರೂ ಕೂಡಿದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಸೀಳು ಕೊಡುವ ಲಾಭ

ನಮ್ಮ ಅಡಿಗಲ್ಲಿನಲ್ಲಿ ರಂಧ್ರ ಇಲ್ಲ. ಬೋರ್‌ವೆಲ್‌ಗೆ ನೀರು ಬರುವುದು ಬಿರುಕಿನಿಂದ ಮಾತ್ರ. ಎರಡು ಗೆರೆ ಕೂಡುವ ಜಾಗದಲ್ಲಿ, ಅದರಲ್ಲೂ ತಗ್ಗಿನಲ್ಲಿ, ನೀರು ಸಿಗುವ ಸಾಧ್ಯತೆ ಹೆಚ್ಚು. ಗುಡ್ಡದ ನೆತ್ತಿಯಲ್ಲಿ ಎರಡು ಬೋರ್ ಕೊರೆಸಿ ಧೂಳು ನೋಡುವುದಕ್ಕಿಂತ, ಕಣಿವೆಯ ಬುಡದಲ್ಲಿ ತೆರೆದ ಬಾವಿ ತೋಡುವುದು ಎಷ್ಟೋ ವಾಸಿ. ಒಡೆದ ಕಲ್ಲು ಬೇಗ ಕರಗಿ ಮಣ್ಣಾಗುವುದರಿಂದ ಅಲ್ಲಿ ಮಣ್ಣೂ ಆಳ ಇರುತ್ತದೆ.

ಆದರೆ ಕಾಳಿ, ಗಂಗಾವಳಿಯ ಉಪ್ಪುನೀರು ಹತ್ತುವ ಭಾಗದಲ್ಲಿ, ಗಜನಿ ಹತ್ತಿರ ಜಮೀನು ಇದ್ದವರು ಜಾಗ್ರತೆ. ಸಿಹಿನೀರು ಬರುವ ಬಿರುಕಿನಲ್ಲೇ ಉಪ್ಪುನೀರೂ ಬರುತ್ತದೆ. ಬೇಸಿಗೆಯಲ್ಲಿ ಜೋರಾಗಿ ಪಂಪ್ ಹೊಡೆದಷ್ಟೂ ಅದು ಒಳಗೆ ಎಳೆದುಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನೀರಿನ ಇಸಿ ಅಳೆಸಿ. 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 0.7ರಿಂದ 3ರವರೆಗೆ ಬೆಳೆ ನೋಡಿ ಹದವಾಗಿ ಬಳಸಬೇಕು. 3 ದಾಟಿದರೆ ಅಡಿಕೆ, ಮಾವಿಗೆ ಬಿಡಬೇಡಿ. ಕರಿ ಇಶಾಡ ಕಸಿಗಿಡ ಹೊಸದಾಗಿ ನೆಟ್ಟವರಂತೂ ಇದನ್ನು ಮರೆಯಲೇಬಾರದು. ಪರೀಕ್ಷೆಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಸೀಳು ತರುವ ಅಪಾಯ

2009ರ ಅಕ್ಟೋಬರ್ 2ರಂದು ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಮಣ್ಣಿನಡಿ ಸೇರಿದರು. ಹೆಸರಲ್ಲೇ ಝರಿ ಇದೆ ನೋಡಿ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಲಾರಿ, ಗ್ಯಾಸ್ ಟ್ಯಾಂಕರ್ ಎಲ್ಲ ಹೋಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಗುಡ್ಡ ಈ ಕಡೆ, ಸಾವು ಆ ಕಡೆಯೂ. ಹುಡುಕಾಟ ಸೆಪ್ಟೆಂಬರ್ ಕೊನೆವರೆಗೂ ನಡೆಯಿತು.

ಇದಕ್ಕೆಲ್ಲ ಫಾಲ್ಟ್ ಕಾರಣ ಅಂತ ನಾನು ಹೇಳುತ್ತಿಲ್ಲ. ಶಿರೂರಿನಲ್ಲಿ ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದಿತ್ತು, ಮೇಲಿಂದ ಜಡಿಮಳೆ ಸುರಿದಿತ್ತು. ಆದರೆ ಗುಡ್ಡದ ಒಳಗಿನ ರಚನೆ ಗೊತ್ತಿದ್ದರೆ ಎಲ್ಲಿ ಕೈಹಾಕಬಾರದು ಅನ್ನೋದು ಗೊತ್ತಾಗುತ್ತದೆ.

ನಮ್ಮ ಹೆಚ್ಚಿನ ಗುಡ್ಡಗಳಲ್ಲಿ ಮೇಲೆ ಚಿರೇಕಲ್ಲು. ಅದು ತೂತು ತೂತಾದ ಕಲ್ಲು, ನೀರು ಬೇಗ ಇಳಿಯುತ್ತದೆ. ಅದರ ಕೆಳಗೆ ಬಿಳಿ, ನಸುಗೆಂಪು, ಹಳದಿ ಬಣ್ಣದ ಮೆತ್ತನೆ ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೆನೆದಾಗ ಬೆಣ್ಣೆ. ಅದರ ಕೆಳಗೆ ಗಟ್ಟಿ ಬಂಡೆ. ಮೇಲಿಂದ ಇಳಿದ ನೀರು ಶೇಡಿಯಲ್ಲಿ ಸಿಕ್ಕಿಕೊಂಡು, ಒಳಗೆ ಒತ್ತಡ ಹೆಚ್ಚಿ, ಮೇಲಿನ ಇಡೀ ಭಾರ ಜಾರುತ್ತದೆ. ಕಲ್ಲು ಒಡೆದ ಪಟ್ಟಿಯಲ್ಲಿ ಶೇಡಿ ಇನ್ನೂ ಆಳಕ್ಕೆ ಹೋಗಿರುತ್ತದೆ, ನೀರೂ ಅಲ್ಲೇ ಬಂದು ಕೂಡುತ್ತದೆ.

ಈಗ ಇಂಗುಗುಂಡಿಯ ಲೆಕ್ಕ ಹಾಕೋಣ. ಒಂದು ದಿನಕ್ಕೆ 100 ಮಿ.ಮೀ. ಮಳೆ ನಮ್ಮಲ್ಲಿ ಜುಲೈನಲ್ಲಿ ವಿಶೇಷವಲ್ಲ. ಒಂದು ಎಕರೆ ಮೇಲೆ ಅದು ನಾಲ್ಕು ಲಕ್ಷ ಲೀಟರ್, ಅಂದರೆ 400 ಟನ್ ನೀರು. ಕಡಿದಾದ ಶೇಡಿ ಗುಡ್ಡದಲ್ಲಿ ಗುಂಡಿ ತೋಡಿ ಅದನ್ನು ತಡೆದರೆ, ಹರಿದು ಹೋಗಬೇಕಾದ ಭಾರವನ್ನು ನಾವೇ ಗುಡ್ಡದ ಹೊಟ್ಟೆಗೆ ತುಂಬಿದ ಹಾಗೆ. ಬಯಲುಸೀಮೆಯಲ್ಲಿ 600 ಮಿ.ಮೀ. ಮಳೆಗೆ ಹೇಳಿದ ಉಪಾಯವನ್ನು 3,000 ಮಿ.ಮೀ. ದಾಟುವ ಊರಲ್ಲಿ, ಯಾವ ಇಳಿಜಾರು ಅಂತ ನೋಡದೆ ಮಾಡಿದ್ದು ನನ್ನ ತಪ್ಪು. ಓದಿದವನೇ ಮಾಡಿದ ತಪ್ಪು.

ನಾನು ಮಾಡಿದ್ದು, ನೀವು ಮಾಡಬೇಕಾದ್ದು

1. ಗುಂಡಿ ಎಲ್ಲಿ? ಬುಡದ ಸಮತಟ್ಟು ಜಾಗ, ಸಣ್ಣ ಇಳಿಜಾರು, ಗಟ್ಟಿ ಕಲ್ಲು ಹತ್ತಿರ ಇರುವ ಜಾಗದಲ್ಲಿ ಇಂಗುಗುಂಡಿ ಒಳ್ಳೇದೇ. ಕಡಿದಾದ ಇಳಿಜಾರು, ಕೆಳಗೆ ಶೇಡಿ, ಬುಡದಲ್ಲಿ ಮನೆ ಅಥವಾ ರಸ್ತೆ – ಇವು ಕೂಡಿದಲ್ಲಿ ಬೇಡ. ನಾನು ಅಂಥ ಗುಂಡಿಗಳಿಗೆ ಅದೇ ಮಣ್ಣು ತುಂಬಿ, ತುಳಿದು, ಮೇಲೆ ಸ್ವಲ್ಪ ಉಬ್ಬು ಬಿಟ್ಟು ಮುಚ್ಚಿದೆ.

2. ನೀರಿಗೆ ದಾರಿ ಕೊಡಿ. ಇಳಿಜಾರಿನ ಮೇಲ್ಗಡೆ ಸಣ್ಣ ಓರೆಯ ಕಾಲುವೆ ತೆಗೆದು, ಗಟ್ಟಿ ಹಳ್ಳಕ್ಕೆ ಬಿಡಿ. ಕಾಲುವೆಯಲ್ಲಿ ಹುಲ್ಲು ಇರಲಿ, ಅಂಚಿಗೆ ಲಾವಂಚ ನೆಡಿ. ಪಕ್ಕದವರ ಗದ್ದೆಗೆ ನೀರು ನುಗ್ಗದ ಹಾಗೆ ಮೊದಲೇ ಅವರ ಹತ್ತಿರ ಮಾತಾಡಿ.

3. ಬುಡ ಕಡಿಯಬೇಡಿ. ಧರೆ ನೇರ ನಿಲ್ಲಿಸಿದರೆ ಜಾಗ ಹೆಚ್ಚು ಸಿಕ್ಕ ಹಾಗೆ ಕಾಣುತ್ತದೆ. ಆದರೆ ಮೇಲಿನ ಭಾರ ಹೊತ್ತಿದ್ದ ಕಾಲನ್ನೇ ಕಡಿದ ಹಾಗೆ ಅದು. ಕಡಿಯಲೇಬೇಕಾದರೆ ಮೆಟ್ಟಿಲಾಗಿ, ಒಳಕ್ಕೆ ವಾಲಿಸಿ, ಪ್ರತಿ ಮೆಟ್ಟಿಲಿಗೂ ನೀರು ಹೊರಹೋಗುವ ದಾರಿ ಇಟ್ಟು, ತಿಳಿದವರನ್ನು ಕೇಳಿ ಮಾಡಿ.

4. ಗಿಡದ ಮೇಲೆ ಪೂರ್ತಿ ಭರವಸೆ ಬೇಡ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಗುಡ್ಡ ಹಿಡಿಯುವುದಿಲ್ಲ. ಕಾಡುಮರದ ಬೇರು ಒಂದೆರಡು ಮೀಟರ್ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ಸೊಪ್ಪಿನ ಬೆಟ್ಟದ ಮರ ಕಡಿಯದೆ ಇರಿ. ಆದರೆ ಹತ್ತು ಮೀಟರ್ ಆಳದಲ್ಲಿ ಜಾರುವ ಶೇಡಿಗೆ ಯಾವ ಬೇರೂ ತಲುಪುವುದಿಲ್ಲ.

5. ಬಿರುಕು ಅಳೆಯಿರಿ. ಬಿರುಕಿನ ಎರಡೂ ಬದಿಗೆ ಗಟ್ಟಿ ಗೂಟ ಹೊಡೆದು, ತಲೆಗೆ ಮೊಳೆ ಹಾಕಿ. ಮೊಳೆಯಿಂದ ಮೊಳೆಗೆ ಟೇಪ್ ಹಿಡಿದು ಅಳತೆ ಬರೆದಿಡಿ, ಟೇಪ್ ಸಮೇತ ಫೋಟೊ ತೆಗೆಯಿರಿ. ಮಳೆಗಾಲದಲ್ಲಿ ದಿನಾ ನೋಡಿ. ಬಿರುಕಿಗೆ ಜೇಡಿಮಣ್ಣು ಗಿಡಿದು ಮುಚ್ಚಿ, ಮಳೆನೀರು ಒಳಗೆ ಹೋಗಬಾರದು. ನನ್ನ ಗೂಟಗಳ ನಡುವೆ 2024ರ ಮಳೆಗಾಲದಲ್ಲಿ 3 ಸೆಂ.ಮೀ. ಹೆಚ್ಚಾಯಿತು. ಗುಂಡಿ ಮುಚ್ಚಿ ಕಾಲುವೆ ತೆಗೆದ ಮೇಲೆ, ಮುಂದಿನ ಮಳೆಗಾಲದಲ್ಲಿ ಅಳತೆ ಬದಲಾಗಲಿಲ್ಲ. ಒಂದು ವರ್ಷದ ಅಳತೆ ನಂಬಿ ನಾನು ಟೇಪ್ ಒಳಗಿಟ್ಟಿಲ್ಲ.

6. ಈ ಲಕ್ಷಣ ಕಂಡರೆ ಕಾಯಬೇಡಿ. ಬಿರುಕು ದಿನದಿನಕ್ಕೆ ಅಗಲ ಆಗುವುದು, ಮರ ಅಥವಾ ಕರೆಂಟ್ ಕಂಬ ಹೊಸದಾಗಿ ವಾಲುವುದು, ಇಲ್ಲದ ಕಡೆ ಒರತೆ ಏಳುವುದು, ಇದ್ದ ಒರತೆ ಜಡಿಮಳೆಯಲ್ಲೇ ನಿಲ್ಲುವುದು, ತಿಳಿನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಗುಡ್ಡದೊಳಗಿಂದ ಸದ್ದು ಬರುವುದು. ಇದರಲ್ಲಿ ಯಾವುದೇ ಒಂದು ಕಂಡರೂ ಬುಡದ ಮನೆಯವರು ಮೊದಲು ಹೊರಡಬೇಕು, ಎದುರು ದಡದವರಿಗೂ ತಿಳಿಸಬೇಕು. ಪಂಚಾಯ್ತಿಗೆ, ತಹಶೀಲ್ದಾರರಿಗೆ ಹೇಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸಂಖ್ಯೆ 112.

ಆ ಹುಡುಗ ಏನು ಮಾಡಿದ?

ನಾವಿಬ್ಬರೂ ಅವನ ಬ್ಯಾಣಕ್ಕೆ ಹೋದೆವು. ಮೇಲ್ಗಡೆ ಒಂದು ಹಳೇ ಧರೆಯಲ್ಲಿ ಹಾರೆಯಿಂದ ಕೆರೆದಾಗ ಚಿರೇಕಲ್ಲಿನ ಕೆಳಗೆ ಬಿಳಿ ಶೇಡಿ ಬಂತು. ಅವನ ಅಜ್ಜ ಬಾಗಿಲಲ್ಲಿ ಕೂತವರು ಕೇಳಿದರು: "ಎಂಥ ಹುಡುಕ್ತ್ರಿ ತಮ್ಮಾ?" ಹೇಳಿದೆ. ಅವರು ಗುಡ್ಡದ ಕಡೆ ಕೈ ತೋರಿಸಿ ಹೇಳಿದರು, "ಅಲ್ಲಿ ನಮ್ಮಪ್ಪ ಗದ್ದೆ ಮಾಡ್ಲಿಲ್ಲ. ಮಳೆಗಾಲದಾಗೆ ಅದು ಉಸಿರಾಡ್ತದೆ ಅಂತಿದ್ದ."

ಜೆಸಿಬಿಗೆ ಕೊಟ್ಟ ಮುಂಗಡ ಅವನಿಗೆ ಪೂರ್ತಿ ವಾಪಸ್ ಬರಲಿಲ್ಲ. ಬುಡದ ಅರ್ಧ ಎಕರೆಯಲ್ಲಿ, ಇದ್ದ ಇಳಿಜಾರಿಗೇ ಹೊಂದಿಸಿ, ಮಾವು ಮತ್ತು ಕಾಳುಮೆಣಸು ಹಾಕ್ತಾನಂತೆ. ಮೇಲಿನ ಅರ್ಧ ಹಾಗೇ ಬಿಡ್ತಾನೆ. ಅರ್ಧ ಎಕರೆ ಅಡಿಕೆಯ ಆದಾಯ ಹೋಯಿತು ಅಂತ ಅವನ ಮುಖ ಇನ್ನೂ ಸಣ್ಣಗೇ ಇದೆ. ಅದು ಸಣ್ಣ ನಷ್ಟ ಅಲ್ಲ, ನಾನೂ ಸಮಾಧಾನ ಹೇಳಲು ಹೋಗಲಿಲ್ಲ. ಆದರೆ ಆ ಮನೆಯಲ್ಲಿ ಆರು ಜನ ಮಲಗ್ತಾರೆ.

ಈ ವಾರ ನೀವು ಮಾಡಬೇಕಾದ್ದು ಒಂದೇ ಕೆಲಸ. ಮಳೆ ಹಿಡಿಯುವ ಮುಂಚೆ, ಒಂದು ಬೆಳಗ್ಗೆ, ನಿಮ್ಮ ತೋಟದ ಮೇಲಿನ ಗುಡ್ಡವನ್ನು ಅಡ್ಡಡ್ಡ ನಡೆದು ಬನ್ನಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರಕೊಂಡು ಹೋಗಿ. ಫೋನ್ ಜೇಬಲ್ಲಿರಲಿ, ಫೋಟೊಕ್ಕೆ ಬೇಕಾಗ್ತದೆ.